ಹಂಡೆಗೆ ಹೋದ ಎಂಜಿನ್ನು

ಎಂಜಿನ್ನು ಕೊಟ್ಟು ಹಂಡೆ ತಗೊಂಡೆ. ನಡೆದದ್ದು ಇಷ್ಟೇ. ನಮ್ಮ ಬೀದಿಯವರು ಇದಕ್ಕೆ ಬೇರೆ ಬೇರೆ ಕಥೆ ಕಟ್ಟಿದ್ದಾರೆ. ಪೆಟ್ರೋಲು ರೇಟು ಏರಿ ನಮ್ಮ ಮನೆಯ ಕಾರು ಹಾಳಾಯಿತು ಅನ್ನುತ್ತಾರೆ. ಜೀಪಿನವರು ಬಂದು ಹೊಟ್ಟೆಗೆ ಹೊಡೆದರು ಅನ್ನುತ್ತಾರೆ. ಏನೂ ತೋಚದವರು ಕಾಲ ಹಾಗಿತ್ತು ಅನ್ನುತ್ತಾರೆ. ಕಾಲದ ಮೇಲೆ ಹಾಕಿಬಿಟ್ಟರೆ ಯಾರಿಗೂ ನೋವಾಗುವುದಿಲ್ಲ ನೋಡಿ. ಆದರೆ ಕಾಲ ನಮ್ಮ ಸೌದೆ ಮನೆಗೆ ಬಂದು ಏನನ್ನೂ ಹೊತ್ತುಕೊಂಡು ಹೋಗಲಿಲ್ಲ. ಬಾಗಿಲು ತೆಗೆದು, ಇಗೋ ಇಲ್ಲಿದೆ ಎಂದು ತೋರಿಸಿದವಳು ನಾನು.

ಇದೆಲ್ಲ ನೆನಪಾಗಲು ಕಾರಣ ಮೊನ್ನೆ ತಂದ ಕಡ್ಲೆಪುರಿ. ಪೊಟ್ಟಣದ ಪೇಪರು ಬಿಚ್ಚಿದರೆ ಅದರಲ್ಲಿ ಒಂದು ಕಾರಿನ ಚಿತ್ರ. ಅದೇ ಉದ್ದ ಮೂತಿ, ಅದೇ ಬೆಳ್ಳಿ ಹಲ್ಲು, ಅದೇ ಗುಂಡು ಬೆನ್ನು. ಕೆಳಗೆ ಏನೋ ಬರೆದಿತ್ತು. ನಾನು ಓದಿರುವುದು ಮೂರನೇ ಕ್ಲಾಸು, ಒತ್ತಕ್ಷರ ಬಂದ ಕಡೆ ಇವತ್ತಿಗೂ ಎಡವುತ್ತೇನೆ. ಎಡವಿಕೊಂಡೇ ಓದಿದೆ. ಅಮೇರಿಕದ ಹಳೇ ಕಾರುಗಳಿಗೆ ಈಗ ಲಕ್ಷಗಟ್ಟಲೆ ಬೆಲೆಯಂತೆ. ಇಟ್ಟುಕೊಂಡವರು ಜಾಣರಂತೆ. ಪುರಿ ತಿಂದು ಮುಗಿಸಿದೆ. ಪೇಪರನ್ನು ಒಲೆಗೆ ಹಾಕದೆ ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಯಾಕೆ ಇಟ್ಟೆ ಎಂದು ಕೇಳಬೇಡಿ.

ನಮ್ಮ ಮನೆಯಲ್ಲೂ ಅಂಥದೊಂದು ಇತ್ತು. ಪ್ಲಿಮತ್ ಅಂತ ಅದರ ಹೆಸರು. ಗುಂಡ್ಲುಪೇಟೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ತಿರುಗಲಿಲ್ಲ, ಎಲ್ಲರೂ ಹಡಗು ಎಂದರು. ನಮ್ಮ ಯಜಮಾನರು ಅದರ ಡ್ರೈವರು. ಅವರ ಹೆಸರನ್ನು ನಾನು ಬಾಯಲ್ಲೂ ಹೇಳಿಲ್ಲ, ಬರೆಯುವುದೂ ಇಲ್ಲ. ಊರಿನವರಿಗೆ ಅವರು ಡ್ರೈವರಣ್ಣ.

ಮೊದಲು ಅದು ಗೂಡಲೂರು ಕಡೆಯ ಒಬ್ಬ ಎಸ್ಟೇಟು ಸಾಹುಕಾರರದ್ದಾಗಿತ್ತು. ನನ್ನ ತವರು ಹಂಗಳ. ಊಟಿ ರಸ್ತೆ ನಮ್ಮೂರಿನ ಮೇಲೇ ಹೋಗುತ್ತದೆ. ನಾವು ಹುಡುಗಿಯರು ಹುಣಸೇಮರದ ಕೆಳಗೆ ದನ ಬಿಟ್ಟುಕೊಂಡು ಕೂತಿದ್ದಾಗ ಆ ಕಾರು ಹೋಗುತ್ತಿತ್ತು. ಅದರ ಸದ್ದು ಲಾರಿಯ ಹಾಗಲ್ಲ. ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕುವಾಗ ಒಳಗೊಳಗೇ ಒಂದು ಗುಟುಗುಟು ಬರುತ್ತದಲ್ಲ, ಹಾಗೆ. ಅದು ದಾಟಿದ ಮೇಲೆ ಎದ್ದ ಧೂಳಿಗೂ ಒಂದು ವಾಸನೆ ಇರುತ್ತಿತ್ತು, ಸಿಹಿ ವಾಸನೆ. ಅದು ಪೆಟ್ರೋಲು ಎಂದು ಗೊತ್ತಿರಲಿಲ್ಲ. ಸಾಹುಕಾರರು ಅತ್ತರು ಹಾಕಿಕೊಂಡಿದ್ದಾರೆ ಎಂದುಕೊಂಡಿದ್ದೆವು. ಓಡಿಹೋಗಿ ಧೂಳನ್ನು ಮೂಸುತ್ತಿದ್ದೆವು. ಬುದ್ಧಿ ಅಷ್ಟೇ ಇತ್ತು.

ಅದರ ಡ್ರೈವರಿಗೇ ನನ್ನನ್ನು ಕೊಟ್ಟರು. ಸಾಹುಕಾರರು ದೊಡ್ಡ ಮನಸ್ಸು ಮಾಡಿ, ಹೆಣ್ಣು ಕರೆದುಕೊಂಡು ಬರಲು ಕಾರನ್ನೇ ಕಳಿಸಿದರು. ಹಂಗಳದಿಂದ ಗುಂಡ್ಲುಪೇಟೆ ನಾವು ಸಂತೆಗೆ ನಡೆದೇ ಬರುತ್ತಿದ್ದ ಹಾದಿ. ಆವತ್ತು ನಡೆದೇ ಬಂದಿದ್ದರೆ ಚೆನ್ನಾಗಿತ್ತು. ಅರ್ಧ ದಾರಿಗೆ ಹೊಟ್ಟೆ ತೊಳಸಿ, ಮದುವೆ ಊಟದ ಒಬ್ಬಟ್ಟು ಪೂರ್ತಿ ಹಿಂದಿನ ಸೀಟಿನ ಮೇಲೆ ಬಂತು. ಗಂಡ ಗಾಡಿ ನಿಲ್ಲಿಸಿ ಹಿಂದೆ ತಿರುಗಿದವರು ಮೊದಲು ಸೀಟು ನೋಡಿದರು, ಆಮೇಲೆ ನನ್ನನ್ನು. ಬಾಸಿಂಗ ಕಟ್ಟಿಕೊಂಡೇ ಕೆರೆಗೆ ಇಳಿದು ನೀರು ತಂದು ಸೀಟು ತೊಳೆದರು. ನನಗೆ ಬಾಯಿ ಮುಕ್ಕಳಿಸಲು ಉಳಿದ ನೀರು ಕೊಟ್ಟರು. ಈ ಮನೆಯಲ್ಲಿ ನನ್ನ ಜಾಗ ಯಾವುದು ಎಂದು ಆವತ್ತೇ ತಿಳಿಯಿತು. ತಿಳಿದ ಮೇಲೆ ತಕರಾರು ಮಾಡಲಿಲ್ಲ.

ಸಾಹುಕಾರರು ಹೊಸ ಕಾರು ತಗೊಂಡಾಗ ಹಡಗನ್ನು ನಮ್ಮವರಿಗೇ ಕೊಟ್ಟರು. ಪುಕ್ಕಟೆ ಅಲ್ಲ. ನನ್ನ ಎರಡು ಬಳೆಯೂ ಹೋದವು. ಅಲ್ಲಿಂದ ಮುಂದೆ ಅದು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಾಡಿಗೆ ಹೊಡೆಯಿತು. ಹಿಂದೆ ಏಳು ಜನ, ಮುಂದೆ ನಾಲ್ಕು, ಡಿಕ್ಕಿಯಲ್ಲಿ ಈರುಳ್ಳಿ ಮೂಟೆ. ತರಕಾರಿ ಕೊಳ್ಳಲು ಬರುತ್ತಿದ್ದ ಒಬ್ಬ ಮಲಯಾಳಿ ವ್ಯಾಪಾರಿ ಮಡಿಲಲ್ಲಿ ಬಾಳೆಗೊನೆ ಇಟ್ಟುಕೊಂಡು, ಪಕ್ಕದಲ್ಲಿದ್ದವರಿಗೆಲ್ಲ ಒಂದೊಂದು ಹಣ್ಣು ಹಂಚಿ, ಸೀಟಿನ ಜಾಗ ದೊಡ್ಡದು ಮಾಡಿಕೊಳ್ಳುತ್ತಿದ್ದನಂತೆ. ಯಜಮಾನರು ಇದನ್ನು ನೂರು ಸಲ ಹೇಳಿದ್ದಾರೆ. ಬೇರೆ ಮಾತು ಅವರಿಗೆ ಕಡಿಮೆ.

ಗಾಡಿಗೆ ದೃಷ್ಟಿ ತಾಕುತ್ತದೆ ಎಂಬ ಅವರ ಭಯ ಮಾತ್ರ ಹೇಳತೀರದು. ಮುಂದಿನ ಬಂಪರಿಗೆ ಹಳೇ ಚಪ್ಪಲಿ, ಹಿಂದಿನದಕ್ಕೆ ಇನ್ನೊಂದು. ಶುಕ್ರವಾರ ನಿಂಬೆಹಣ್ಣು, ಅಮಾವಾಸ್ಯೆಗೆ ಬೂದುಗುಂಬಳ. ಯಾರಾದರೂ, 'ಗಾಡಿ ಚೆನ್ನಾಗದೆ ಡ್ರೈವರಣ್ಣ' ಎಂದರೆ ಸಾಕು, 'ಏನ್ ಚೆಂದ ಬುಡಪ್ಪ, ಹಾಳ್ ಡಬ್ಬ' ಎಂದು ಟೈರಿಗೆ ಒದೆಯುತ್ತಿದ್ದರು. ಮೆತ್ತಗೆ ಒದೆಯುತ್ತಿದ್ದರು.

ಆಮೇಲೆ ಪೆಟ್ರೋಲಿನ ರೇಟು ಏರಿತು. ಹಡಗಿನ ಹೊಟ್ಟೆ ದೊಡ್ಡದು, ಕುಡಿದಷ್ಟೂ ಕುಡಿಯುತ್ತಿತ್ತು. ಊಟಿ ರಸ್ತೆಯಲ್ಲಿ ಗೌಸ್ ಸಾಬರ ಗ್ಯಾರೇಜು. ಅವರೂ ಇವರೂ ಒಂದು ತಟ್ಟೆಯಲ್ಲಿ ಉಂಡವರು. ಇಬ್ಬರೂ ಮೂರು ದಿನ ಸೇರಿ ಅಮೇರಿಕದ ಎಂಜಿನ್ನನ್ನು ಕೆಳಗಿಳಿಸಿ, ಯಾವುದೋ ಕೆಟ್ಟು ನಿಂತ ವ್ಯಾನಿನ ಡೀಸೆಲ್ ಎಂಜಿನ್ನು ಕೂರಿಸಿದರು. ಆಗ ಆ ಗಾಡಿಯ ದನಿ ಸತ್ತಿತು. ಅಡಕೆ ಕುಟ್ಟಿದ ಹಾಗೆ ಕುಟ್ಟಿಕೊಂಡು ಓಡಾಡತೊಡಗಿತು. ಮನೆಗೆ ಅನ್ನ ಬಂತು, ನಾನು ಬೇರೆ ಯೋಚನೆ ಮಾಡಲಿಲ್ಲ.

ಇಳಿಸಿದ ಎಂಜಿನ್ನನ್ನು ನಾಲ್ಕು ಜನ ಹೊತ್ತು ತಂದು ನಮ್ಮ ಹಿತ್ತಿಲ ಸೌದೆ ಮನೆಯ ಮೂಲೆಗೆ ಇಟ್ಟರು. ತೂತಿಗೆಲ್ಲ ಬಟ್ಟೆ ತುರುಕಿ, ಮೈಗೆಲ್ಲ ಗ್ರೀಸು ಮೆತ್ತಿ, ಗೋಣಿ ಸುತ್ತಿ, ಮುಂದೆ ಸೌದೆ ಒಟ್ಟಿದರು.

'ಇದ್ಯಾಕೆ ಇಲ್ಲಿ' ಎಂದೆ.

'ಗುಜರಿ ಕಣ. ಬಿದ್ದಿರ್ಲಿ ಬುಡು ಅಲ್ಲಿ' ಎಂದರು.

ಇಪ್ಪತ್ತು ವರ್ಷ ಅದಕ್ಕೆ ಅವರು ಇನ್ನೊಂದು ಹೆಸರು ಇಟ್ಟಿದ್ದು ನಾನು ಕೇಳಲಿಲ್ಲ. ಹೆಗ್ಗಣ ಬಂತು ಎಂದರೆ, 'ಆ ಗುಜರಿ ಸಂದೀಲಿ ಸೇರ್ಕಂಡದೆ'. ಸೌದೆ ಸಾಲದು ಎಂದರೆ, 'ಗುಜರಿ ಮುಂದಿರೋದ ಮುಟ್ಬೇಡ, ಈ ಕಡೇದ ತಕ್ಕೊ'. ಒಂದು ಸಲವೂ ಹೋಗಿ ನೋಡಿದವರಲ್ಲ.

ಇಲ್ಲಿ ನನ್ನ ಹೆಸರಿನ ವಿಚಾರ ಹೇಳಬೇಕು. ನಾನು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ಕೈಗೆ ಹತ್ತಲಿಲ್ಲ. ನಾನು ಹುಟ್ಟಿದ ತಕ್ಷಣ ಅವ್ವ ನನ್ನನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯವಳು, ಯಾರೋ ಬಿಸಾಕಿದ ಕೂಸು ಸಿಕ್ಕಿತು ಎಂದು ಎತ್ತಿಕೊಂಡಳು. ಅವ್ವ ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಕಸ ಎಂದು ಕರೆದರೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ಲೆಕ್ಕ. ಸೊಂಟಕ್ಕೆ ಕಪ್ಪು ದಾರ ಕಟ್ಟಿದರು. ಹತ್ತು ವರ್ಷವಾಗುವವರೆಗೂ ಅವ್ವ ನನ್ನನ್ನು ಮುದ್ದಾಗಿ ಒಂದು ಹೆಸರಿಟ್ಟು ಕರೆಯಲಿಲ್ಲ. 'ಏ ಕಸವೇ, ಬಾ ಉಣ್ಣು' ಎನ್ನುತ್ತಿದ್ದಳು. ಕಸಕ್ಕೆ ತುಪ್ಪ ಹಾಕಿ ಅನ್ನ ಕಲಸಿ ಕೊಡುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದವಳಿಗೆ ಗುಜರಿ ಎಂದರೆ ಏನು ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ತೊಂಬತ್ತರ ಆಚೆಗೆ ಊರಿನ ತುಂಬ ಜೀಪು, ವ್ಯಾನು ಬಂದವು. ಅವುಗಳಲ್ಲಿ ಹತ್ತು ನಿಮಿಷಕ್ಕೊಂದು ಸಿಗುತ್ತಿತ್ತು. ಜನ ಹಡಗಿಗೆ ಕಾಯುವುದನ್ನು ಬಿಟ್ಟರು. ಒಂದು ದಿನ ಯಜಮಾನರು ಅದನ್ನು ತಂದು ಮನೆ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಬೀಗದಕೈ ತಂದು ದೇವರ ಮೂಲೆಯಲ್ಲಿ ಇಟ್ಟರು. ಖಾಕಿ ಶರಟು ಬಿಚ್ಚಿ ನನ್ನ ಕೈಗೆ ಕೊಟ್ಟು, 'ಒಗ್ದು ಎತ್ತಿಡು' ಎಂದರು. ಆಮೇಲೆ ಯಾರ್ಯಾರದೋ ಲಾರಿಗೆ, ಡ್ರೈವರು ರಜ ಹಾಕಿದ ದಿನ ಹೋಗಿ ಬರುತ್ತಿದ್ದರು. ಹಡಗಿನ ಹಿಂದಿನ ಸೀಟು ನನ್ನ ಕೋಳಿಗಳಿಗೆ ಒಗ್ಗಿತು. ಮೊಟ್ಟೆ ಹುಡುಕಲು ಸುಲಭ. ನಾನು ವಾಂತಿ ಮಾಡಿದ್ದ ಕಡೆಯೇ ಇಡುತ್ತಿದ್ದವು.

ಎರಡು ಮಳೆಗಾಲ ಕಳೆದಿರಬೇಕು. ಆ ವರ್ಷ ಮಳೆ ಹಿಡಿದು ಬಿಡಲೇ ಇಲ್ಲ, ಸೌದೆ ಮುಗಿಯುತ್ತ ಬಂದು ಮೂಲೆಯ ಗೋಣಿ ಕಾಣಿಸಿತು. ನಮ್ಮ ಸ್ನಾನದ ಹಂಡೆಯೂ ತಳ ತೂತಾಗಿ ಒಂದು ತಿಂಗಳಾಗಿತ್ತು. ಇವರಿಗೋ ಸೊಂಟ ನೋವು, ಲಾರಿಯಿಂದ ಇಳಿದು ಬಂದರೆ ಬಿಸಿನೀರು ಬೇಕು. ಅನ್ನದ ಪಾತ್ರೆಯಲ್ಲಿ ನಾಲ್ಕು ಸಲ ಕಾಯಿಸಿ ಹೊಯ್ಯುತ್ತಿದ್ದೆ. ಅವತ್ತು ಅವರು ಸಂತೆಮರಹಳ್ಳಿಗೆ ಲಾರಿ ತಗೊಂಡು ಹೋಗಿದ್ದರು. ಹಳೇ ಕಬ್ಬಿಣಕ್ಕೆ ಪಾತ್ರೆ ಕೊಡುವವನು ಲಗೇಜು ಆಟೋದಲ್ಲಿ ಬೀದಿಗೆ ಬಂದ. ಚಾಮರಾಜನಗರದವನು. ಆಟೋದ ಒಳಗೆ ಒಂದು ತಾಮ್ರದ ಹಂಡೆ. ಹೊಸದಲ್ಲ, ಆದರೆ ಗಟ್ಟಿ. ಬೆರಳಲ್ಲಿ ಹೊಡೆದರೆ ದೇವಸ್ಥಾನದ ಗಂಟೆ.

'ಏನ್ ಕೊಟ್ರೆ ಕೊಟ್ಟೀಯ ಇದ?' ಎಂದೆ.

'ಏನದೆ ನಿನ್ ತಾವು, ತೋರ್ಸಕ್ಕ' ಎಂದ.

ಮುರಿದ ಗುದ್ದಲಿ, ಮಂಚದ ಕಾಲು, ತೂತಾದ ಹಂಡೆ ತೋರಿಸಿದೆ. ಅವನು ತಲೆ ಅಲ್ಲಾಡಿಸಿ ಆಟೋ ಹತ್ತಿದ. ಆಗ ನಾನು ಹೇಳಿದೆ, 'ಇರಪ್ಪ. ಒಳಗೊಂದು ಗುಜರಿ ಅದೆ.'

ಆ ಗೋಣಿಯ ಮೇಲೆ ಒಂದು ಕಪ್ಪು ದಾರ ಸುತ್ತಿತ್ತು. ಹುರಿಯಲ್ಲ, ಹಗ್ಗವಲ್ಲ, ಮಕ್ಕಳ ಸೊಂಟಕ್ಕೆ ಕಟ್ಟುತ್ತೇವಲ್ಲ, ಅಂಥದೇ ದಾರ. ಕುಡುಗೋಲು ತಂದು ಕೊಯ್ದೆ. ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದು ಹೊತ್ತೊಯ್ದ. ನನಗೆ ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಂಜೆಯೊಳಗೆ ಮಣ್ಣು ಕಲಸಿ ಹಂಡೆಯನ್ನು ಒಲೆಗೆ ಕೂರಿಸಿದೆ. ಅದೇ ವಾರ ಒಂದು ಗಾಡಿ ಸೌದೆ ತರಿಸಿ ಮೂಲೆ ತುಂಬಿಸಿದೆ, ಆಮೇಲೂ ಅದು ಬರಿದಾಗಲು ಬಿಡಲಿಲ್ಲ. ಮುಚ್ಚಿಡಬೇಕು ಎಂದಲ್ಲ. ಸೌದೆ ಒಟ್ಟುವ ಜಾಗ ಅದು, ಒಟ್ಟಿದೆ.

ಯಜಮಾನರು ಬಂದು ನೋಡಿ, 'ಎಲ್ಲಿತ್ತು ಹಂಡೆ?' ಎಂದರು.

'ಹಳೇ ಕಬ್ಬಿಣಕ್ಕೆ ತಗೊಂಡೆ.'

'ಒಳ್ಳೇದಾಯ್ತು ಬುಡು' ಎಂದು ಸ್ನಾನಕ್ಕೆ ಹೋದರು. ಯಾವ ಕಬ್ಬಿಣ ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಮೈಸೂರಿನ ಒಬ್ಬರು ಬಂಡೀಪುರಕ್ಕೆ ಹೋಗುತ್ತಿದ್ದವರು, ಟೀ ಕುಡಿಯಲು ನಿಂತಾಗ ಯಾರೋ ಹಡಗಿನ ವಿಚಾರ ಹೇಳಿದರಂತೆ. ನೇರ ನಮ್ಮ ಮನೆಗೆ ಬಂದರು. ಬಿಳೀ ಶರಟು, ಬಂಗಾರದ ಕನ್ನಡಕ, ಆದರೂ ಮಣ್ಣಿನಲ್ಲಿ ಮಂಡಿಯೂರಿ ಹಡಗಿನ ಹೊಟ್ಟೆಯ ಕೆಳಗೆ ಇಣುಕಿದರು. ಕೋಳಿಗಳನ್ನು ಕೈಮುಗಿದ ಹಾಗೆ ಮೆಲ್ಲಗೆ ಆಚೆ ದಬ್ಬಿದರು. ಹಳೇ ಕಾರು ಹುಡುಕಿ ತಂದು ಸರಿಮಾಡಿಸಿ ಇಟ್ಟುಕೊಳ್ಳುವುದು ಅವರ ಗೀಳು. ಬಾನೆಟ್ಟು ಎತ್ತಿ ಡೀಸೆಲ್ ಎಂಜಿನ್ನು ನೋಡಿದವರೇ ಉಸಿರು ಬಿಟ್ಟರು.

'ಯಜಮಾನ್ರೇ, ಇದರ ಸ್ವಂತ ಎಂಜಿನ್ನು ಏನಾಯ್ತು? ಗಾಡಿಯ ಆರ್.ಸಿ. ಪುಸ್ತಕದಲ್ಲಿರೋ ನಂಬರಿನ ಎಂಜಿನ್ನೇ ಇದ್ರೆ ಇದು ರತ್ನ. ಇಲ್ದಿದ್ರೆ ಬರೀ ತಗಡು.'

ಯಜಮಾನರು ಬಾನೆಟ್ಟಿನ ಅಂಚಿನ ಧೂಳು ಒರೆಸಿದರು. ಮೈಸೂರಿನವರೇ ಮುಂದುವರಿಸಿದರು.

'ಎಂಜಿನ್ನು ಇದ್ರೆ ಮೊದಲು ಹ್ಯಾಗಿತ್ತೋ ಹಾಗೇ ಮಾಡಿಸ್ತೀನಿ. ಮೈಸೂರಲ್ಲಿ ಹಳೇ ಕಾರುಗಳನ್ನೆಲ್ಲ ಸಾಲಾಗಿ ಓಡಿಸ್ತೀವಿ. ಆವತ್ತು ನೀವೇ ಬಂದು ಓಡಿಸ್ಬೇಕು. ಬೇರೆಯವರ ಕೈಗೆ ಕೊಡಲ್ಲ.'

ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನ ಕಡೆ ತಿರುಗಿ, 'ತಿಪ್ಪಿ, ಆ ಖಾಕಿ ಶರ್ಟು ಎಲ್ಲಿಟ್ಟಿದ್ದೀಯೆ?' ಎಂದರು. ಅವರ ಮುಖವನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ಆ ಮುಖ ನೋಡಿರಲಿಲ್ಲ. ಆಮೇಲೆ ಮೈಸೂರಿನವರಿಗೆ, 'ಅದೆ ಬುಡಿ ಸ್ವಾಮಿ ಆ ಗುಜರಿ. ಸೌದೆ ಮನೇಲಿ ಬಿದ್ದದೆ' ಎಂದರು. ಆಗಲೂ ಗುಜರಿ ಎಂದೇ ಅಂದರು.

ಆಗ ನಾನು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಅವರು ಪಂಚೆ ಎತ್ತಿ ಕಟ್ಟಿ, ಸೊಂಟ ನೋವು ಮರೆತು, ಸೌದೆಯನ್ನು ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯತೊಡಗಿದರು. ಗೌಸ್ ಸಾಬರಿಗೂ ಹೇಳಿ ಕಳಿಸಿದ್ದರು, ಅವರೂ ಬಂದು ಕೈ ಹಾಕಿದರು. ನಾನೇ ಒಟ್ಟಿದ್ದ ಸೌದೆ. ಒಂದು ಗಾಡಿ ಸೌದೆ. ಇಬ್ಬರು ಮುದುಕರು ಕಾಲು ಗಂಟೆ ಎಸೆದರು. ಮೈಸೂರಿನವರು ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ಗೋಡೆ ಬಂತು. ಗೋಡೆಯ ಬುಡದಲ್ಲಿ ಗ್ರೀಸಿನ ಕರೀ ಗುರುತು ಮಾತ್ರ ಇತ್ತು. ಯಜಮಾನರು ಗೋಡೆಯನ್ನು ಕೈಯಲ್ಲಿ ಮುಟ್ಟಿ ನೋಡಿದರು.

'ಹಂಡೆಗೆ ಕೊಟ್ಟೆ' ಎಂದೆ.

ಒಂದು ಕೋಳಿ ಒಳಗೆ ಬಂದು ಸೌದೆಯ ಕೆಳಗೆ ಹುಳು ಕೆದಕಿತು. ಗೌಸ್ ಸಾಬರೇ ಮೊದಲು ಬಾಯಿ ಬಿಟ್ಟರು. 'ಏನ್ ಮಾಡ್ಬುಟ್ರಿ ಭಾಬಿ. ದೃಷ್ಟಿ ಆಗ್ಬಾರ್ದು ಅಂತ ಅವ್ನು ಅದನ್ನ ಗುಜರಿ ಅಂತಿದ್ದ. ನನ್ ಮುಂದೆನೂ ಅದರ ಹೆಸರು ಎತ್ತಿಲ್ಲ. ತನ್ನ ಕಣ್ಣೇ ತಾಕ್ತದೆ ಅಂತ ಇಪ್ಪತ್ತು ವರ್ಷ ಈ ಕಡೆ ತಿರುಗಿ ನೋಡ್ಲಿಲ್ಲ.'

'ನೀವಾದ್ರೂ ಹೇಳ್ಬೇಕಿತ್ತು' ಎಂದೆ. ತಪ್ಪು ಮಾಡಿದವರು ಇನ್ನೊಬ್ಬರನ್ನು ಎಳೆಯುತ್ತಾರಲ್ಲ, ಹಾಗೆ.

'ಹೇಳಿದ್ರೆ ಅದಕ್ಕೆ ದೃಷ್ಟಿ ಆಗ್ತಿತ್ತು' ಎಂದರು ಗೌಸ್ ಸಾಬರು. ನಗಲಿಲ್ಲ.

ಮೈಸೂರಿನವರು ಒಳ್ಳೆಯವರು, ಬೈಯಲಿಲ್ಲ. ತಮ್ಮ ಹತ್ತಿರ ಇಂಥದೇ ಇನ್ನೊಂದು ಕಾರಿದೆ, ಅದಕ್ಕೆ ಮುಂದಿನ ಹಲ್ಲು, ಬಂಪರು, ದೀಪ, ಸ್ಟೇರಿಂಗು ಬೇಕು, ಕೊಡುವಿರಾ ಎಂದು ಸಂಕೋಚದಿಂದ ಕೇಳಿದರು. ಯಜಮಾನರು ಹೂಂ ಎಂದರು. ಮೈಸೂರಿನವರು ಕರೆತಂದಿದ್ದ ಡ್ರೈವರು ಸ್ಪ್ಯಾನರು ಹಿಡಿದಾಗ ಮಾತ್ರ, 'ನೀ ಬುಡಪ್ಪ, ನಾ ಬಿಚ್ತಿನಿ' ಎಂದರು. ಮೊದಲು ಎರಡೂ ಹಳೇ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಬಂಪರು, ಹಲ್ಲು, ದೀಪ. ಒಂದೊಂದನ್ನೂ ಪಂಚೆಯ ಚುಂಗಿನಲ್ಲಿ ಒರೆಸಿ ಕೊಟ್ಟರು. ಸ್ಟೇರಿಂಗು ಕೊನೆಗೆ. ಅದನ್ನು ಬಿಚ್ಚಿದ ಮೇಲೂ ಸೀಟಿನ ಮೇಲೇ ಕೂತು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು, ಎದುರಿಗೆ ರಸ್ತೆ ಇದ್ದ ಹಾಗೆ. ಗೌಸ್ ಸಾಬರು ಮೆಲ್ಲಗೆ, 'ಸಾಕು ಬಾರಪ್ಪ' ಎಂದಾಗ ಕೊಟ್ಟರು.

ಅವರೆಲ್ಲ ಹೋದ ಮೇಲೆ ಹಡಗಿಗೆ ಮುಖವಿರಲಿಲ್ಲ. ಗೌಸ್ ಸಾಬರು ಮಾತ್ರ ಉಳಿದಿದ್ದರು. ಆ ಪಾತ್ರೆಯವನ ಅಂಗಡಿ ಎಲ್ಲಿ ಎಂದು ಅವರನ್ನು ಕೇಳಿದೆ. ಚಾಮರಾಜನಗರದಲ್ಲಿ ಗುಜರಿ ಅಂಗಡಿಗಳ ಸಾಲು ಎಲ್ಲಿದೆ ಎಂದು ಹೇಳಿ, 'ಅದು ಎಂದೋ ಕರಗಿ ಕಿಟಕಿ ಸರಳಾಗಿರ್ತದೆ ಭಾಬಿ. ಕೇಳಿ ಏನ್ ಮಾಡ್ತೀರಿ' ಎಂದರು. ಅದು ನನಗೂ ಗೊತ್ತಿತ್ತು. ಎರಡು ವರ್ಷ ಕಬ್ಬಿಣವನ್ನು ಯಾರೂ ಪೂಜೆ ಮಾಡಿಕೊಂಡು ಇಟ್ಟುಕೊಳ್ಳುವುದಿಲ್ಲ.

ಸಂಜೆ ಹಂಡೆಯಲ್ಲಿ ನೀರು ಕಾಯಿಸಿದೆ. ಯಜಮಾನರು ಕೈಯ ಗ್ರೀಸು ತೊಳೆದುಕೊಂಡು ಸ್ನಾನ ಮಾಡಿ ಬಂದು ಊಟಕ್ಕೆ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಬಳೆಯ ವಿಚಾರ ಎತ್ತಿ, ಅಲ್ಲಿಗೆ ಮುಗಿಸಬಹುದಿತ್ತು. ಎರಡನೇ ಸಲ ಸಾರು ಬಡಿಸುವಾಗ ಅವರು ಆಡಿದ್ದು ಒಂದೇ ಮಾತು.

'ನೀರು ಚೆನ್ನಾಗಿ ಕಾಯ್ತದೆ ಕಣ, ಆ ಹಂಡೇಲಿ.'

ನನ್ನ ಸಮಾಧಾನಕ್ಕೆ ಹೇಳಿದ್ದು. ಮಾತು ಬರದ ಮನುಷ್ಯ ಹುಡುಕಿ ಹುಡುಕಿ ಆ ಮಾತು ತಂದಿದ್ದರು.

ಮಾರನೇ ದಿನ ಬೆಳಗ್ಗೆ ಎದ್ದು ಹಾರೆ ತಗೊಂಡು ಒಲೆಯ ಮಣ್ಣು ಒಡೆದೆ. ಸದ್ದಿಗೆ ಯಜಮಾನರು ಎದ್ದು ಬಂದು ಬಚ್ಚಲ ಬಾಗಿಲಲ್ಲಿ ನಿಂತರು. 'ಇವತ್ತು ತಣ್ಣೀರು' ಎಂದೆ. ಹಂಡೆ ಕಿತ್ತು, ಮಸಿಯನ್ನು ಹುಣಸೇಹಣ್ಣು ಬೂದಿ ಹಾಕಿ ಆದಷ್ಟು ಉಜ್ಜಿ, ಹಳೇ ಸೀರೆಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಎಂಜಿನ್ನು ಬರದಿದ್ದರೂ ಸರಿ, ಹಂಡೆಯನ್ನು ಕೊಟ್ಟವನಿಗೇ ಹಿಂದಕ್ಕೆ ಕೊಟ್ಟು ಬರಬೇಕಿತ್ತು. ಚಾಮರಾಜನಗರದ ಮೊದಲ ಬಸ್ಸು ನಿಂತಿತ್ತು. ಆ ರಸ್ತೆಯಲ್ಲಿ ನಾನು ಒಬ್ಬಳೇ ಹೋದದ್ದೇ ಇಲ್ಲ, ಹಡಗು ಬಿಟ್ಟು ಬೇರೆ ಗಾಡಿಯಲ್ಲೂ ಹೋದವಳಲ್ಲ. ಕಿಟಕಿಯ ಪಕ್ಕ ಹಂಡೆಯನ್ನು ಕೂರಿಸಿ, ಅದರ ಪಕ್ಕ ನಾನು ಕೂತೆ.

'ಏನಜ್ಜಿ, ಬಾಣಂತನಕ್ಕೆ ಹೊರ್ಟ್ಯಾ?' ಎಂದ ಕಂಡಕ್ಟರು.

'ಚಾಮರಾಜನಗರ. ಎಲ್ಡು ಟಿಕೀಟು ಕೊಡು.'

'ಹಂಡೆಗೆ ಲಗೇಜು ಹರೀತಿನಿ ಕಣಜ್ಜಿ. ಕೆಳಗಿಡು ಅದ.'

'ಅದು ಸೀಟ್ ಮೇಲೆ ಕುಂತದೆ' ಎಂದೆ. 'ಟಿಕೀಟೇ ಹರಿ.'